ತಿರುವಿನಲ್ಲಿ ಸಿಕ್ಕಿಕೊಂಡ ದೋಣಿ

ಮಾರ್ಚ್ ೯, ಭಾನುವಾರ

ನಾಳೆ ಕೋಚ್‌ಗೆ ಫೋನು ಮಾಡಬೇಕು. ಏನಂತ ಹೇಳಲಿ?

ಕೆರೆಯ ದಂಡೆಯಲ್ಲಿ ಒಂದು ಶೆಡ್ಡೂ ಇಲ್ಲದ್ದರಿಂದ ನನ್ನ ರೇಸಿನ ದೋಣಿ ಇಷ್ಟು ದಿನ ಮರದ ಡಿಪೊದ ಗೋಡೆಯಲ್ಲಿ ತೂಗುತ್ತಿತ್ತು. ಡಿಪೊ ಮಾರಾಟವಾಯಿತು. ಅಕ್ಕನ ಮನೆಯ ಪಕ್ಕದ ಸಂದಿಯಲ್ಲಿ ಇಟ್ಟುಕೊಳ್ಳಲು ಭಾವ ಒಪ್ಪಿದ್ದರು. ಕಾರಿನ ಮೇಲೆ ಕಂಬಳಿ ಹಾಸಿ, ದೋಣಿಯನ್ನು ಬೋರಲು ಕಟ್ಟಿ, ಬಾಲಕ್ಕೆ ಕೆಂಪು ಬಟ್ಟೆ ಸುತ್ತಿ ಹೊರಟೆವು. ಎಂಟು ಮೀಟರ್ ಉದ್ದ, ಮೈ ಮಾತ್ರ ಮೊಟ್ಟೆಯ ಸಿಪ್ಪೆ. ನಮ್ಮವರು ಉಸಿರು ಬಿಗಿಹಿಡಿದು ಓಡಿಸಿದರು.

ಅಕ್ಕನ ಬೀದಿಯ ತಿರುವಿನಲ್ಲಿ ಸಿಕ್ಕಿಕೊಂಡೆವು. ಮುಂದೆ ಗೋಡೆ, ಹಿಂದೆ ದೀಪದ ಕಂಬ. ಭಾವ ಹಿಂದೆ ನಿಂತು, "ಬರ್ಲಿ, ಬರ್ಲಿ, ಇನ್ನೂ ಬರ್ಲಿ," ಎಂದು ಕೈ ಬೀಸುತ್ತಲೇ ಇದ್ದರು. ದೋಣಿಯ ಬಾಲ ಕಂಬಕ್ಕೆ ಬಡಿದಾಗ ದೊಡ್ಡ ಸದ್ದೇನೂ ಆಗಲಿಲ್ಲ. ಒಣಕಡ್ಡಿ ಮುರಿದಷ್ಟೇ.

ಅಕ್ಕ ಓಡಿ ಬಂದು, "ಹೋಗ್ಲಿ ಬಿಡೇ, ಯಾರಿಗೂ ಏನೂ ಆಗ್ಲಿಲ್ವಲ್ಲ," ಎಂದಳು.

ಹೌದು, ಯಾರಿಗೂ ಏನೂ ಆಗಲಿಲ್ಲ. ಬಿರುಕಿನೊಳಗೆ ನನ್ನ ಹೆಬ್ಬೆರಳು ಹೋಗುತ್ತದೆ. ಮುಂದಿನ ವಾರದ ಆಯ್ಕೆ ಪಂದ್ಯ ನನ್ನ ಪಾಲಿಗೆ ಮುಗಿಯಿತು. ಈ ವಯಸ್ಸಿನಲ್ಲಿ ಇನ್ನೊಂದು ಅವಕಾಶ ಯಾರು ಕೊಡುತ್ತಾರೆ? ಅಳು ಕೂಡ ಬರುತ್ತಿಲ್ಲ.

ಆ ತಿರುವು ದಾಟಲಾಗದೆ ಮನೆಗೇ ವಾಪಸು ತಂದೆವು. ಕಾರು ಬೀದಿಯಲ್ಲಿದೆ, ದೋಣಿ ಅದರ ಮೇಲೆಯೇ ಇದೆ. ಊಟವಾದ ಮೇಲೆ ನಮ್ಮವರು ಹಗ್ಗ ಬಿಚ್ಚಲು ಎದ್ದರು.

"ಇಳಿಸಿಬಿಡೋಣ್ವಾ?"

"ಇಳಿಸಿ ಎಲ್ಲಿಡ್ತೀರಿ?"

ಮತ್ತೆ ಕುಳಿತರು. ಒಡೆದ ಮೇಲೂ ಅದು ಅಷ್ಟೇ ಉದ್ದವಿದೆ.