ಮಡಚಿದ ಮೂರನೇ ಸಾಲು

ಬುಧವಾರ, ಬೆಳಿಗ್ಗೆ

ಪ್ರೀತಿಯ ಪಾಪುವಿಗೆ,

ಹೋದ ತಿಂಗಳ ಕೊನೆಯ ಭಾನುವಾರ, ನಿನ್ನ ಪತ್ರಿಕೆಯ ವಾಹನ ಪುಟದಲ್ಲಿ, ನಿನ್ನ ನಗುಮುಖದ ಚಿತ್ರದ ಕೆಳಗೆ ಒಂದು ಸುಳ್ಳು ಅಚ್ಚಾಯಿತು. ಕ್ಷೇಮ ವಿಚಾರಿಸುವ ಮೊದಲೇ ಇದನ್ನು ಬರೆದೆ, ಬೇಸರ ಮಾಡಿಕೊಳ್ಳಬೇಡ. ಹೊಟ್ಟೆಯಲ್ಲಿ ಕೆಂಡ ಇಟ್ಟುಕೊಂಡು ಬಾಯಲ್ಲಿ ಸಕ್ಕರೆ ಇಡುವ ವಿದ್ಯೆ ನನಗೆ ಬರುವುದಿಲ್ಲ. ಈಗ ಕೇಳುತ್ತೇನೆ: ದೊಡ್ಡವಳ ಹಲ್ಲಿನ ತಂತಿ ತೆಗೆದರೇ? ಚಿಕ್ಕವನ ಕೆಮ್ಮು ಹೋಯಿತೇ? ನಿನ್ನ ಹೆಂಡತಿಗೆ ಹೊಸ ಶಾಲೆಯ ಕೆಲಸ ಒಗ್ಗಿತೇ?

ಕಾಗದ ತಡವಾಯಿತು. ನೀನು ಫೋನು ಮಾಡಿದಾಗ ನಾನು ಎತ್ತಲಿಲ್ಲ, ಬೇಕೆಂದೇ ಎತ್ತಲಿಲ್ಲ. ಬರೆಯಲು ಕೂತು, ಹರಿದು, ಮತ್ತೆ ಕೂತು, ಒಲೆಯ ಮೇಲಿಟ್ಟ ನೀರು ಬತ್ತಿಹೋಗುವ ತನಕ ಕಿಟಕಿಯ ಹತ್ತಿರ ನಿಂತಿದ್ದೇನೆ. ರಸ್ತೆಯಲ್ಲಿ ದೊಡ್ಡ ಗಾಡಿ ಹೋದರೆ ಸಾಕು, ಬಗ್ಗಿ ನೋಡುತ್ತೇನೆ, ಅದರ ಹಿಂದಿನ ಸಾಲಿನಲ್ಲಿ ಯಾರಾದರೂ ಕೂತಿದ್ದಾರೆಯೇ ಎಂದು. ಮೊನ್ನೆ ಎದುರುಮನೆಯ ದಂತವೈದ್ಯರು ತಮ್ಮ ಗಾಡಿ ತೊಳೆಯುತ್ತಿದ್ದಾಗ ಹೋಗಿ, "ಡಾಕ್ಟ್ರೇ, ಇದರ ಹಿಂದಿನ ಸೀಟು ಎರಡು ಭಾಗ ಆಗುತ್ತಾ, ಒಂದೇ ಹಲಗೆನಾ?" ಎಂದು ಕೇಳಿಬಿಟ್ಟೆ. ಅವರು ಪೈಪು ಹಿಡಿದುಕೊಂಡೇ, "ಯಾಕೆ, ಕೊಂಡ್ಕೋತಾ ಇದ್ದೀರಾ?" ಎಂದರು. "ಇಲ್ಲ, ಜಗಳಕ್ಕೆ ಬೇಕಿತ್ತು" ಎಂದೆ.

ನೀನು ನಗುತ್ತೀಯ. ‘ದೂರಿನ ಡಬ್ಬ ಮತ್ತೆ ಬಾಯಿ ತೆರೀತು’ ಎಂದು ಹೆಂಡತಿಗೆ ಓದಿ ಹೇಳುತ್ತೀಯ. ಹೇಳು. ಆ ಹೆಸರು ಇಟ್ಟವನೇ ನೀನು. ಪಠ್ಯಪುಸ್ತಕ ಅಚ್ಚು ಮಾಡುವ ಮುದ್ರಣಾಲಯದಲ್ಲಿ ಇಷ್ಟು ವರ್ಷ ಕರಡು ತಿದ್ದಿದವಳು ನಾನು. ತಪ್ಪು ಕಂಡರೆ ಕೆಂಪು ಶಾಯಿ ಹುಡುಕುವುದು ಬೆರಳಿಗೇ ಅಭ್ಯಾಸ. ಬಸ್ಸುಗಳ ಮೆಟ್ಟಿಲನ್ನು ಏಕಾಏಕಿ ಎತ್ತರ ಮಾಡಿದ ವರ್ಷ ನಿನಗೆ ನೆನಪಿರಲಿಕ್ಕಿಲ್ಲ, ನೀನಿನ್ನೂ ಶಾಲೆಯ ಚಡ್ಡಿಯಲ್ಲಿದ್ದೆ. ಬಸುರಿಯರು ಹತ್ತುವುದು ಹೇಗೆ ಎಂದು ನಾನು ಪತ್ರಿಕೆಗೆ ಬರೆದೆ. ಸಾರಿಗೆ ಅಧಿಕಾರಿ ಅದೇ ಪತ್ರಿಕೆಯಲ್ಲಿ, ತನ್ನ ಹೆಸರು ಹಾಕಿ, ‘ಅಳತೆ ತಪ್ಪಾಗಿದೆ’ ಎಂದು ಒಪ್ಪಿಕೊಂಡ. ಆತ ನಮಗೆ ಯಾರೂ ಅಲ್ಲ.

ಈಗ ನಿನ್ನ ಅಳತೆಗೆ ಬರೋಣ.

ನೀನು ಒಂದೊಂದು ಶನಿವಾರ ಒಂದೊಂದು ಗಾಡಿ ತಂದೆ. ಮನೆಮಂದಿಯನ್ನು ಕೂರಿಸಿ, ಸೂಟ್‌ಕೇಸು ತುಂಬಿ ನೋಡುವುದು ನಿನ್ನ ಪದ್ಧತಿ. ಬೇರೆ ಬರಹಗಾರರು ಕಂಪನಿಯವರ ಕಾಗದ ನೋಡಿ ಬರೆಯುತ್ತಾರೆ, ನಾನು ಸಂಸಾರ ಹತ್ತಿಸಿ ಬರೆಯುತ್ತೇನೆ ಎಂದು ಎಲ್ಲ ಕಡೆ ಹೇಳಿಕೊಳ್ಳುತ್ತೀಯ. ನನಗೂ ಅದು ಹೆಮ್ಮೆಯೇ. ಅದಕ್ಕೇ ನಮ್ಮ ಮನೆಯ ಅಂಗಳ ಒಂದು ತಿಂಗಳು ಷೋರೂಮಾಯಿತು.

ಮೊದಲು ಬಂದದ್ದು ಕಪ್ಪು ಗಾಡಿ. ಚರ್ಮದ ಸೀಟು, ಪ್ರತಿ ಸಾಲಿಗೂ ತಂಪುಗಾಳಿ, ಚಿಕ್ಕವನಿಗೆ ಎದುರಲ್ಲೇ ಟೀವಿ. "ಅಜ್ಜೀ, ಇದು ಗಾಡಿ ಅಲ್ಲ, ಮಹಡಿ ಮನೆ!" ಎಂದ. ಅಮ್ಮ ಗಾಲಿಕುರ್ಚಿಯಲ್ಲಿ ಕೂತು ಅದರ ಬಾಗಿಲನ್ನು ತಲೆಯೆತ್ತಿ ನೋಡಿ, "ಹಾಗಾದ್ರೆ ಲಿಫ್ಟು ಯಾವ ಕಡೆಗಿದೆಯೋ?" ಎಂದರು. ಅವರನ್ನು ಎತ್ತಿ ಕೂರಿಸುವಾಗ ನಿನ್ನ ಸೊಂಟ ಹಿಡಿದುಕೊಂಡಿತು. ಅದನ್ನು ನೀನು ಲೇಖನದಲ್ಲಿ ‘ಹತ್ತಲು ಸ್ವಲ್ಪ ಎತ್ತರ’ ಎಂದು ಬರೆದೆ. ಪರವಾಗಿಲ್ಲ, ಅದು ಸುಳ್ಳಲ್ಲ, ನಾಚಿಕೆ.

ಎರಡನೆಯದು ಬಿಳಿ ಗಾಡಿ. ಬಟ್ಟೆಯ ಸೀಟು, ಸಾದಾ ಮುಖ. ಕುರ್ಚಿಗೂ ಸೀಟಿಗೂ ನಡುವೆ ಇಟ್ಟ ಜಾರುವ ಹಲಗೆಯ ಮೇಲೆ ಅಮ್ಮ ಸರಿದು ಒಳಗೆ ಹೋದರು, ಯಾರೂ ಎತ್ತಬೇಕಾಗಲಿಲ್ಲ. ಅದರ ಮೂರನೇ ಸಾಲು ಎರಡು ಭಾಗವಾಗುತ್ತದೆ. ಒಂದು ಭಾಗ ಮಡಚಿ, ಅಲ್ಲಿ ಅಮ್ಮನ ಕುರ್ಚಿ ನಿಲ್ಲಿಸಿ, ಇನ್ನೊಂದು ಭಾಗದಲ್ಲಿ ಒಬ್ಬರು ಕೂರಬಹುದು. ಮೊಣಕಾಲು ಗಲ್ಲಕ್ಕೆ ಬರುತ್ತದೆ, ಹೌದು. "ಅತ್ತೆ, ಕಾವಿಗೆ ಕೂತ ಕೋಳಿ ಹಾಗಿದ್ದೀರಿ" ಎಂದು ದೊಡ್ಡವಳು ನಕ್ಕಳು. ನಾನೂ ನಕ್ಕೆ. ನೀನು ಅದಕ್ಕೆ ಕೊನೆಯ ಸ್ಥಾನ ಕೊಟ್ಟೆ. ‘ಸರಕಿನ ಜಾಗ ಕಡಿಮೆ, ಹಿಂದಿನ ಸೀಟು ಇಕ್ಕಟ್ಟು, ಒಳಗಿನ ಸೊಬಗು ಸಾಲದು.’

ಮೂರನೆಯದು ಬೂದು ಬಣ್ಣದ್ದು. ಅದರ ಜೊತೆ ಟೈ ಕಟ್ಟಿದ ಮಾರಾಟದವನೂ ಬಂದ. "ಮೇಡಂ, ಇದರಲ್ಲಿ ನಿಮ್ಮ ಇಡೀ ವಂಶ ಕೂರಬಹುದು" ಎಂದ. ಅಮ್ಮ, "ವಂಶ ಕೂತ್ಕೊಳ್ಳಲಪ್ಪಾ, ಮೊದಲು ನನ್ನ ಕುರ್ಚಿ ಎಲ್ಲಿಡ್ತೀಯ ಹೇಳು" ಎಂದರು. ಆತ ಗುಂಡಿಯೊಂದನ್ನು ಒತ್ತಿದ. ಮೂರನೇ ಸಾಲು ತಾನೇ ತಾನಾಗಿ ಬಗ್ಗಿ, ನೆಲಕ್ಕೆ ಒರಗಿ, ಅಲ್ಲಿ ಸೀಟೇ ಇರಲಿಲ್ಲವೇನೋ ಎನ್ನುವಂತೆ ಮಾಯವಾಯಿತು. ಮಕ್ಕಳು ಚಪ್ಪಾಳೆ ತಟ್ಟಿದರು. ನೀನು ಟೇಪು ಹಿಡಿದು ಒಳಗೆ ತೆವಳಿ, "ಅಕ್ಕಾ, ಇದರಲ್ಲಿ ಸಂಸಾರನೇ ಹೂಡಬಹುದು!" ಎಂದು ಕೂಗಿದೆ.

ಭಾನುವಾರ ಬರೆದದ್ದು ಇದು, ನಿನ್ನದೇ ಮಾತು: ‘ನಮ್ಮ ಮನೆಯವರೆಲ್ಲ ಕೂತು, ಅಮ್ಮನ ಗಾಲಿಕುರ್ಚಿಯನ್ನೂ ಹಿಂದೆ ಇಟ್ಟು ನೋಡಿದೆವು. ಎಲ್ಲರಿಗೂ ಜಾಗ ಸಿಕ್ಕಿತು. ಕುಟುಂಬದ ಸುಖಕ್ಕೂ ಸರಕಿಗೂ ಇದೇ ಮೊದಲು.’

ಸಿಗಲಿಲ್ಲ, ಪಾಪು. ಅಮ್ಮನ ಬೆನ್ನಿಗೆ ಗಟ್ಟಿ ಆಸರೆ ಬೇಕೆಂದು ಮಾಡಿಸಿದ ಕುರ್ಚಿ ಅದು, ಮಡಚುವುದಿಲ್ಲ ಎಂದು ನಿನಗೆ ಗೊತ್ತು. ಬೂದು ಗಾಡಿಯ ಮೂರನೇ ಸಾಲು ಒಂದೇ ಹಲಗೆ, ಅರ್ಧ ಮಡಚುವುದಿಲ್ಲ ಎಂದೂ ಗೊತ್ತು. ಕುರ್ಚಿ ಒಳಗೆ ಹೋದರೆ ಸಾಲು ಇಲ್ಲ, ಸಾಲು ಇದ್ದರೆ ಕುರ್ಚಿ ಇಲ್ಲ. ನಿನ್ನ ಮಾತು ನಂಬಿ ಆ ಗಾಡಿ ಕೊಳ್ಳುವ ಎಷ್ಟು ಮನೆಗಳಲ್ಲಿ, ಹೊರಡುವ ದಿನ ಬಾಗಿಲಲ್ಲಿ ನಿಂತು, ಯಾರು ಉಳಿಯಬೇಕು ಎಂದು ಒಬ್ಬರ ಮುಖ ಒಬ್ಬರು ನೋಡುತ್ತಾರೋ! ಸರಕಿನ ಜಾಗವನ್ನು ಲೀಟರಿನಲ್ಲಿ ಅಳೆದಿದ್ದೀಯ. ಲೀಟರು ನೀರಿಗಾಯಿತು. ಇಳಿಸಿ ಬಿಟ್ಟವರನ್ನು ಯಾವ ಪಾತ್ರೆಯಲ್ಲಿ ಅಳೆಯುತ್ತೀಯ?

ಎದ್ದು ಹೋಗಿ ಬಂದೆ. ಅಮ್ಮನಿಗೆ ಮಗ್ಗುಲು ಬದಲಿಸಬೇಕಿತ್ತು.

ಅವರ ವಿಷಯ ಕೇಳು. ಚಿಕ್ಕಮ್ಮನಿಗೆ ಪಾರ್ಶ್ವವಾಯು ಹೊಡೆದು ಮಾತು ಹೋಯಿತಲ್ಲ, ಅಂದಿನಿಂದ ಅಮ್ಮನ ಫೋನು ಹೆಚ್ಚು ಹೊತ್ತು ಕಪಾಟಿನ ಮೇಲೆ ಸುಮ್ಮನೆ ಬಿದ್ದಿರುತ್ತದೆ. ಅಕ್ಕತಂಗಿ ಇಬ್ಬರೂ ದಿನಾ ಬೆಳಿಗ್ಗೆ ಮಾತಾಡುತ್ತಿದ್ದರು, ಹವಾಮಾನದಿಂದ ಹಿಡಿದು ಹಲ್ಲುನೋವಿನ ತನಕ. ಈಗ ಯಾವಾಗಲೋ ಒಮ್ಮೆ ಚಿಕ್ಕಮ್ಮನ ಮಗ ಫೋನನ್ನು ಅವಳ ಕಿವಿಗೆ ಹಿಡಿಯುತ್ತಾನೆ. ಅಮ್ಮ ಇಲ್ಲಿಂದ, "ಕೇಳಿಸ್ತಾ ಇದೆಯೇನೇ?" ಎನ್ನುತ್ತಾರೆ. ಆ ಕಡೆಯಿಂದ ಉಸಿರು. ಅಷ್ಟೆ. "ಇದು ಮಾತಲ್ಲ, ನಾನು ಹೋಗಬೇಕು, ಅವಳ ಕೈ ಹಿಡ್ಕೋಬೇಕು" ಎಂದು ಹಟ ಹಿಡಿದವರೇ ಅಮ್ಮ. ಆ ದಾರಿಗೆಂದೇ ನೀನು ಗಾಡಿ ಕೊಳ್ಳಲು ಹೊರಟದ್ದು. ಅಲ್ಲಿನ ವೈದ್ಯರು ಬರುವುದಾದರೆ ಬೇಗ ಬನ್ನಿ ಎಂದಿದ್ದಾರೆ.

ಆ ಭಾನುವಾರದ ತನಕ ಅಮ್ಮ ಪೆಟ್ಟಿಗೆ ತುಂಬುತ್ತಿದ್ದರು. ಅಂದು ಎಂದಿನಂತೆ ನಿನ್ನ ಪುಟವನ್ನು ನಾನು ಗಟ್ಟಿಯಾಗಿ ಓದಿದೆ. ಮುಗಿದ ಮೇಲೆ, "ಇನ್ನೊಂದು ಸಲ ಓದು" ಎಂದರು. ಓದಿದೆ. ಪೆಟ್ಟಿಗೆಯಿಂದ ಸೀರೆಗಳನ್ನು ತೆಗೆಸಿ ಕಪಾಟಿಗೆ ಇಡಿಸಿದರು. "ನಾನು ಬರಲ್ಲ ಅಂತ ಅವನಿಗೆ ಹೇಳ್ಬಿಡು."

ನೀನು ಫೋನಿನಲ್ಲಿ ಅವರನ್ನು ಗದರಿದ್ದು ನನಗೆ ಕೇಳಿಸಿತು. "ಏನಮ್ಮಾ, ಮಕ್ಕಳಾಟನಾ ಇದು? ಆವತ್ತು ಹೋಗಲೇಬೇಕು ಅಂತೀಯ, ಇವತ್ತು ಬರಲ್ಲ ಅಂತೀಯ. ಗಾಡಿ ಬುಕ್ ಮಾಡಿ ಆಯ್ತು." ಅಮ್ಮ, "ಗಾಡಿ ನಿಂದು, ಕೂರೋದು ಬಿಡೋದು ನಂದು" ಎಂದು ಇಟ್ಟುಬಿಟ್ಟರು. ಆಮೇಲೆ ನನಗೆ ನೀನು ಕಳಿಸಿದ ಸಂದೇಶ: ‘ಮುದುಕರ ಹಟ. ನೀನೇ ಸರಿಮಾಡು.’

ಸರಿಮಾಡಲು ನೋಡಿದೆ. "ಅಮ್ಮಾ, ಅವನು ಏನೋ ಬರೆದ, ಬಿಡಿ. ಫೋನಲ್ಲಿ ತಪ್ಪಾಯ್ತು ಅಂತ ಹೇಳಿಸ್ತೀನಿ" ಎಂದೆ. ಅವರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ನಿವೃತ್ತಿಯ ತನಕ ಕರೆಗಳ ತಂತಿ ಜೋಡಿಸಿದವರಲ್ಲವೇ? "ಫೋನಲ್ಲಿ ಹೇಳೋದಾ? ಆ ತಂತೀಲಿ ಎಷ್ಟು ಸುಳ್ಳು ಹರಿದಾಡಿದ್ದು ಕೇಳಿದ್ದೀನಿ ಗೊತ್ತಾ! ‘ಇನ್ನೇನು ಹೊರಟೆ’ ಅಂತಾನೆ, ಹಾಸಿಗೆಯಿಂದ ಎದ್ದೇ ಇರಲ್ಲ. ಅಚ್ಚಾದ ಮಾತು ಹಾಗಲ್ಲ. ಅದನ್ನ ನಾಲ್ಕು ಜನ ನೋಡಿರ್ತಾರೆ, ಒಪ್ಪಿರ್ತಾರೆ. ಆಮೇಲೇ ಅಚ್ಚಾಗೋದು." ಹಾಗೆ ನೋಡುವ ನಾಲ್ಕು ಜನರಲ್ಲಿ ಒಬ್ಬಳಾಗಿಯೇ ನಾನು ಅನ್ನ ಉಂಡದ್ದು.

ಆದ್ದರಿಂದ ಹೇಳುತ್ತೇನೆ, ಕೋಪ ಬಿಟ್ಟು ಕೇಳು. ಬೂದು ಗಾಡಿಯ ಬುಕಿಂಗ್ ಬದಲಿಸು. ಬಿಳಿಯದನ್ನು ತಾ. ಸೊಬಗು ಕಡಿಮೆಯಾದರೆ ಆಗಲಿ, ನಾವೇನು ಮನೆಗೆ ಹೆಣ್ಣು ನೋಡುತ್ತಿಲ್ಲ. ಸೂಟ್‌ಕೇಸುಗಳನ್ನು ಚಾವಣಿಯ ಮೇಲೆ ಕಟ್ಟಬಹುದು, ಮನುಷ್ಯರನ್ನು ಕಟ್ಟಲಾಗದು. ಮತ್ತು ಬದಲಿಸಿದ್ದು ಏಕೆ ಎಂದು ಪತ್ರಿಕೆಯಲ್ಲಿ ಬರೆ. ಅಮ್ಮ ಅದನ್ನು ಕೇಳಿದರೆ ಪೆಟ್ಟಿಗೆ ಮತ್ತೆ ತುಂಬಿಸುತ್ತಾರೆ. ಚಿಕ್ಕಮ್ಮ ಕಾಯುತ್ತಿದ್ದಾಳೆ. ಕಾಯುತ್ತಿದ್ದೇನೆ ಎನ್ನಲು ಅವಳಿಗೆ ಬಾಯಿಲ್ಲ, ಅಷ್ಟೆ.

ನಿನಗೆ, ನಿನ್ನ ಹೆಂಡತಿಗೆ ಆರೋಗ್ಯ, ನೆಮ್ಮದಿ ಇರಲಿ. ಮಕ್ಕಳು ಹಾಲು ಬಿಡದಿರಲಿ, ಓದು ಬಿಡದಿರಲಿ. ಹೆದ್ದಾರಿಯಲ್ಲಿ ನಿಧಾನ ಓಡಿಸು. ಪರೀಕ್ಷೆಯ ಗಾಡಿಯಾದರೂ ಪ್ರಾಣ ಸ್ವಂತದ್ದು.

ನಿನ್ನ ಅಕ್ಕ,
ದೂರಿನ ಡಬ್ಬ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಲಕೋಟೆ ಅಂಟಿಸಿ, ಮತ್ತೆ ಬಿಡಿಸಿ ಬರೆಯುತ್ತಿದ್ದೇನೆ.

ಮೇಲೆ ಓದುಗರ ಪರವಾಗಿ, ಬೇರೆ ಬೇರೆ ಮನೆಗಳ ಪರವಾಗಿ ಬರೆದೆ. ನಮ್ಮ ಮನೆಯದನ್ನು ಹೇಳಲಿಲ್ಲ. ಅಂದು ಮಾರಾಟದವನು ಗುಂಡಿ ಒತ್ತುವ ಮೊದಲು ಆ ಮೂರನೇ ಸಾಲಿನಿಂದ ಇಳಿದವಳು ನಾನು. ನೀನು ಸ್ಟೀರಿಂಗ್ ಮುಂದೆ, ಪಕ್ಕದಲ್ಲಿ ನಿನ್ನ ಹೆಂಡತಿ, ನಡುವಿನ ಸಾಲಿನಲ್ಲಿ ಅಮ್ಮ ಮತ್ತು ಮಕ್ಕಳು, ಹಿಂದೆ ಕುರ್ಚಿ. ನಾನು ಗೇಟಿನ ಹತ್ತಿರ, ಎಲ್ಲರ ಕೈಚೀಲಗಳನ್ನು ತೋಳಿಗೆ ಹಾಕಿಕೊಂಡು ನಿಂತಿದ್ದೆ. ಮಾರಾಟದವನು ಚಿತ್ರ ತೆಗೆಯಲು ಕ್ಯಾಮೆರಾ ಎತ್ತಿದ. ನೀನು ತಿರುಗಿ, "ಎಲ್ಲಾ ಕೂತಾಯ್ತಾ?" ಎಂದು ಕೂಗಿದೆ. ಮಕ್ಕಳು "ಹೂಂ" ಎಂದರು. ನಿನ್ನ ಹೆಂಡತಿ "ಹೂಂ" ಎಂದಳು. ಗೇಟಿನಿಂದ ನಾನೂ "ಹೂಂ" ಎಂದೆ.

ಅಮ್ಮ ಮಾತ್ರ ಗೇಟಿನ ಕಡೆ ತಿರುಗಿ ನೋಡಿದರು.

ಅಚ್ಚಾದ ಚಿತ್ರದಲ್ಲಿ ನನ್ನ ಚಪ್ಪಲಿ ಕಾಣುತ್ತದೆ, ಎಡಗಡೆಯ ಅಂಚಿನಲ್ಲಿ. ಕೆಳಗೆ ನೀನು ಬರೆಸಿದ್ದು, ‘ಲೇಖಕರು ತಮ್ಮ ಐದು ಜನರ ಸಂಸಾರದೊಂದಿಗೆ’. ಅದನ್ನು ನಾನೇ ಅಮ್ಮನಿಗೆ ಓದಿ ಹೇಳಿದೆ. ಇನ್ನೊಂದು ಸಲ ಓದು ಎಂದಾಗ ಮತ್ತೆ ಓದಿದೆ. ಅದಾದ ಮೇಲೆ ಇನ್ನೊಂದು ದಿನ, ನಾನು ಹತ್ತಿರ ಇಲ್ಲದಾಗ, ನೀನು ಫೋನಿನಲ್ಲಿ ಹೇಳಿದ್ದನ್ನೂ ಅವರು ನಿನ್ನೆ ಬಾಯಿಬಿಟ್ಟರು: "ಅಕ್ಕ ಬಸ್ಸಲ್ಲಿ ಬರ್ಲಿ ಬಿಡಮ್ಮಾ, ಅವಳಿಗೆ ಅಭ್ಯಾಸ ಇದೆ." ಹೌದು, ಇದೆ. ಆದರೆ ದಾರಿಯಲ್ಲಿ ಅಮ್ಮನನ್ನು ಇಳಿಸಿ, ತೊಳೆಸಿ, ಮತ್ತೆ ಹತ್ತಿಸುವವರು ಯಾರು ಎಂದು ನಿಮ್ಮ ಐದು ಜನರಲ್ಲಿ ಒಬ್ಬರಾದರೂ ಕೇಳಿದಿರಾ? ಅಮ್ಮ ಕೇಳಲಿಲ್ಲ, ಸೀರೆ ಹಿಂದಕ್ಕೆ ಇಡಿಸಿದರು. ನೀನು ಹಟ ಎಂದದ್ದು ಅದನ್ನೇ. "ತಂಗಿಯನ್ನ ನೋಡೋ ಆಸೆಗೆ ಮಗಳನ್ನ ಗೇಟಲ್ಲಿ ಬಿಟ್ಟು ಹೋಗ್ಲಾ?" ಎಂದರು, ಗೋಡೆಗೆ ಮುಖ ಮಾಡಿಕೊಂಡು.

ಬಿಳಿ ಗಾಡಿಯ ಆ ಇಕ್ಕಟ್ಟಿನ ಸೀಟು ನನಗೆ ಸಾಕಿತ್ತು, ಪಾಪು.

ಫೋನು ಮಾಡಬೇಡ. ಬಂದು ಕಾಲು ಹಿಡಿಯಲೂ ಬೇಡ. ಬರುವ ಭಾನುವಾರ, ಅದೇ ಪುಟದಲ್ಲಿ, ಅದೇ ಗಾತ್ರದ ಅಕ್ಷರದಲ್ಲಿ, ನಿನ್ನ ಹೆಸರು ಹಾಕಿ ಉತ್ತರ ಕೊಡು. ಅಮ್ಮನಿಗೆ ನಾನೇ ಓದಿ ಹೇಳುತ್ತೇನೆ: ನಮ್ಮ ಸಂಸಾರದಲ್ಲಿ ಎಷ್ಟು ಜನ?