ಸಲಮಾಂಕಾಕ್ಕೆ ಹೋಗುವವರು ಯಾರು

ಏಪ್ರಿಲ್ 8

ಇವತ್ತೂ ಬಾಳೆಲೆ. ಫಳ್ನೀರಿನ ಫ್ಲ್ಯಾಟ್, ಸನ್‌ಮೈಕಾದ ಟೇಬಲ್, ಅದರ ಮೇಲೆ ದಿನಾ ಬಾಳೆಲೆ. ಇರೇನೆ ಬಂದಂದಿನಿಂದ ಅಮ್ಮನ ನೈಟಿಗಳೆಲ್ಲ ಕಪಾಟು ಸೇರಿವೆ. ಬೆಳಿಗ್ಗೆ ಎದ್ದ ಕೂಡಲೇ ಸೀರೆ. ಕಂಕನಾಡಿಯ ಹಾರ್ಡ್‌ವೇರ್ ಅಂಗಡಿ ಮುಚ್ಚಿ ಬಂದು ಬನಿಯನ್ನಿನಲ್ಲಿ ಕೂರುತ್ತಿದ್ದ ಅಪ್ಪ ಈಗ ಶರ್ಟಿನ ಗುಂಡಿ ಸಹ ಬಿಚ್ಚುವುದಿಲ್ಲ. ಈ ಸೆಕೆಗೆ! ಇನ್ನು ಮಾತು... ತುಳು ಬಂದ್. ಹುಡುಗಿ ಕನ್ನಡ ಕಲಿಯಲು ಸ್ಪೇನಿನಿಂದ ಬಂದಿದ್ದಾಳೆ ಅಂತ ಎಲ್ಲರ ಬಾಯಲ್ಲೂ ಪಾಠಪುಸ್ತಕದ ಕನ್ನಡ. ಅಣ್ಣ ಮುಖೇಶ — ಹೋಟೆಲ್ ಮ್ಯಾನೇಜ್‌ಮೆಂಟ್ ಮುಗಿಸಿ ಸದ್ಯ ಸೋಫಾ ಮ್ಯಾನೇಜ್‌ಮೆಂಟ್ ಮಾಡುತ್ತಿರುವವನು — "ದಯವಿಟ್ಟು ನೀರು ಕೊಡು" ಎಂದ. ನನಗೆ! ಹುಟ್ಟಿದ ಮೇಲೆ ದಯವಿಟ್ಟು ಎಂದವನಲ್ಲ.

ಅಸಹ್ಯ. ಆದರೂ ಸಹಿಸಬೇಕು. ಏಪ್ರಿಲ್-ಮೇ ಅವಳು ನಮ್ಮಲ್ಲಿ, ಜೂನ್-ಜುಲೈ ನಾನು ಅವಳಲ್ಲಿ. ಸಲಮಾಂಕಾ ಎಂಬ ಊರು. ಅವಳ ಮನೆಯಲ್ಲಿ ವಾಸ, ದಿನವೂ ಸ್ಪ್ಯಾನಿಷ್ ಕ್ಲಾಸ್. ಹಡಗಿನ ಕೆಲಸ ಬಿಟ್ಟು ಬಂದ ಡೆನ್ಜಿಲ್ ಸರ್ ಹತ್ತಿರ ಎರಡು ವರ್ಷ ಕಲಿತದ್ದು ಇದಕ್ಕಾಗಿಯೇ. ಈ ಎಕ್ಸ್‌ಚೇಂಜ್ ಹೊಂದಿಸಿ ಕೊಟ್ಟದ್ದೂ ಅವರೇ. ಟಿಕೆಟ್ ಮಾತ್ರ ಜಯ ಮಾವನದ್ದು. ಅಮ್ಮನ ಅಣ್ಣ, ಕುವೈಟಿನಲ್ಲಿ ದುಡಿದು ಬಂದವರು. "ನೀನು ಹೋಗು ಮಗಾ, ಟಿಕೆಟ್ ನನಗಿರಲಿ" ಎಂದು ದೀಪಾವಳಿಗೇ ಹೇಳಿದ್ದಾರೆ.

ಏಪ್ರಿಲ್ 12, ಭಾನುವಾರ

ಜಯ ಮಾವ ಊಟಕ್ಕೆ ಬಂದಿದ್ದರು. ಬಂಗುಡೆ ಸಾರು, ನೀರುದೋಸೆ. ಜೊತೆಗೆ ಭಾಷಣ. ಇರೇನೆ ಅವರ ಬಾಯಲ್ಲಿ ಐರಿನ್.

"ನೋಡು ಐರಿನ್, ನಮ್ಮದು ಅಳಿಯಕಟ್ಟು. ಮನೆ ಹೆಣ್ಣಿನದ್ದು, ವಂಶ ಹೆಣ್ಣಿನದ್ದು. ನನ್ನ ಸ್ವಂತ ಮಕ್ಕಳು ನನ್ನ ಕುಟುಂಬಕ್ಕೆ ಸೇರುವುದಿಲ್ಲ. ಈ ಯಶ್ಮಿತಾ ಉಂಟಲ್ಲ, ಇವಳು ಸೇರ್ತಾಳೆ. ನಮ್ಮಲ್ಲಿ ಹೆಂಗಸರು ಹೇಳಿದ್ದೇ ಆಗುವುದು."

ಇರೇನೆಯ ಕಣ್ಣು ಅರಳಿತು. ಅವಳಿಗೆ ತಿಳಿಯದ್ದನ್ನು ನಾನು ಸ್ಪ್ಯಾನಿಷ್‌ನಲ್ಲಿ ಹೇಳುತ್ತಾ ಹೋದೆ. ಈ ಮನೆಯಲ್ಲಿ ಆ ಭಾಷೆ ನಮ್ಮಿಬ್ಬರಿಗೇ ಗೊತ್ತಿರುವುದು. ಹಾಗೆ ಹೇಳುವಾಗೆಲ್ಲ, ಹೇಳಿದ್ದೇ ಆಗುವ ಆ ಹೆಂಗಸು, ನನ್ನ ಅಮ್ಮ, ಸೌಟು ಹಿಡಿದು ಗೋಡೆಗೆ ಒರಗಿ ನಿಂತಿದ್ದಳು. ಮಾವ ತಲೆ ಎತ್ತದೆ ತುಳುವಿನಲ್ಲಿ ನೀರು ತರಲು ಹೇಳಿದರು. ತಂದಳು. ನಾವೆಲ್ಲ ಎದ್ದ ಮೇಲೆ ಉಳಿದ ಮೀನಿನ ತಲೆ ಇಟ್ಟುಕೊಂಡು ಅಡುಗೆಮನೆಯಲ್ಲಿ ಉಂಡಳು.

ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ನಮ್ಮಲ್ಲಿ ಬಂಗುಡೆ, ಅಷ್ಟೇ ವ್ಯತ್ಯಾಸ. ಮಾವ ಬೆರಳು ಒಂದೊಂದಾಗಿ ಚೀಪುವ ಸದ್ದಿಗೆ ನನಗೆ ಊಟ ಇಳಿಯಲಿಲ್ಲ.

ಏಪ್ರಿಲ್ 13

ಇರೇನೆ ಅದನ್ನೆಲ್ಲ ಬರೆದು ಅವಳ ಪ್ರೊಫೆಸರಿಗೆ ಕಳಿಸಿದಳಂತೆ. ಓದಿ ಹೇಳಿದಳು. 'ಈ ಮನೆಯಲ್ಲಿ ಮಗಳೇ ರಾಣಿ.' ಜೊತೆಗೆ ನನ್ನ ಫೋಟೋ. ಬಾಳೆಲೆ ಒರೆಸುತ್ತಿದ್ದೇನೆ.

ಏಪ್ರಿಲ್ 26

ಮಾವ ಈಗ ದಿನ ಬಿಟ್ಟು ದಿನ ಬರುತ್ತಾರೆ. ಬಿಕರ್ನಕಟ್ಟೆಯಿಂದ ಸ್ಕೂಟರಿನಲ್ಲಿ, ಕೈಯಲ್ಲಿ ಹಲಸಿನ ಹಣ್ಣು. ಇರೇನೆಯ ಅಪ್ಪನಿಗೆ ಅಲ್ಲಿ ಸ್ವಂತ ರೆಸ್ಟೋರೆಂಟ್ ಇದೆ ಎಂದು ಗೊತ್ತಾದದ್ದೇ ಕಾರಣ. ಎಷ್ಟು ಟೇಬಲ್? ಕೆಲಸಕ್ಕೆ ಜನ ಸಿಗ್ತಾರಾ? ಹೊರಗಿನವರನ್ನು ತೆಗೆದುಕೊಳ್ತಾರಾ? ಪ್ರಶ್ನೆ ಅವರದ್ದು, ಬಾಯಿ ನನ್ನದು. ಮುಖೇಶ ಸೋಫಾದಲ್ಲಿ ನೆಟ್ಟಗೆ ಕೂತು ಕೇಳುತ್ತಿದ್ದ. ಅವನು ನೆಟ್ಟಗೆ ಕೂತದ್ದು ಕಂಡೇ ನನಗೆ ಏನೋ ಸಂಶಯ.

ಮೇ 3, ಭಾನುವಾರ

ಬರೆಯಲೂ ಹೇಸಿಗೆ.

ಊಟದ ಮಧ್ಯೆ ಮಾವ ಇದ್ದಕ್ಕಿದ್ದಂತೆ ತುಳುವಿಗೆ ತಿರುಗಿದರು. ಮುಖದಲ್ಲಿ ನಗು ಹಾಗೇ ಇಟ್ಟುಕೊಂಡು, ಇರೇನೆಯ ಎಲೆಗೆ ಹಲಸಿನ ತೊಳೆ ಹಾಕುತ್ತಾ. ಹೇಳಿದ್ದು ಇಷ್ಟು: "ಹುಡುಗಿ ಹೋಗಿ ಎರಡು ತಿಂಗಳು ಭಾಷೆ ಕಲಿತು ಬಂದರೆ ಯಾರಿಗೆ ಎಂತ ಲಾಭ? ಮುಖೇಶ ಹೋಗಲಿ. ಹೇಗೂ ಈ ಮನೆಯಿಂದ ಒಬ್ಬರು ತಾನೆ ಹೋಗಬೇಕಾದ್ದು? ಅವನು ಕೋರ್ಸಿಗೆ ಅಂತ ಹೋಗಿ, ಅವಳ ಅಪ್ಪನ ಹೋಟೆಲಿನಲ್ಲಿ ಕಾಲೂರಲಿ. ಟಿಕೆಟ್ ನನ್ನದಲ್ವ? ಹೋಗುವವ ಯಾರು ಅಂತ ನಾನು ಹೇಳ್ತೇನೆ."

ಅಪ್ಪ ಸಾರಿಗೆ ಉಪ್ಪು ಬೆರೆಸಿಕೊಂಡರು. ನಾನು ಅಮ್ಮನನ್ನೇ ನೋಡಿದೆ. ಮಾವನ ಎಲೆಗೆ ಇನ್ನೊಂದು ಸೌಟು ಸಾರು ಬಡಿಸಿದಳು.

"ಏನು ಹೇಳಿದರು?" ಇರೇನೆ ನಗುತ್ತಾ ಕೇಳಿದಳು.

"ಹಲಸಿನ ವಿಷಯ" ಎಂದೆ. ಯಾಕೆ ಹಾಗೆಂದೆ?

ಮೇ 5

ಸಂಜೆ ತಣ್ಣೀರುಬಾವಿ ಬೀಚಿನಲ್ಲಿ ಇರೇನೆಗೆ ಎಲ್ಲ ಹೇಳಿಬಿಟ್ಟೆ. ಸ್ಪ್ಯಾನಿಷ್‌ನಲ್ಲಿ, ಅಳುತ್ತಾ. ಒಳ್ಳೆಯ ಹುಡುಗಿ, ಕೈ ಹಿಡಿದುಕೊಂಡಳು. ಆಮೇಲೆ, "ಆದರೆ ನಿಮ್ಮಲ್ಲಿ ಹೆಂಗಸರು ಹೇಳಿದ್ದೇ ಆಗುವುದಲ್ಲವಾ? ನೀನು ಬೇಡ ಅಂದರೆ ಆಯಿತು" ಎಂದಳು. ಅದೆಲ್ಲ ಬರೀ ಬಾಯಿಮಾತು ಎಂದೆ. ಅವಳ ಮುಖ ಸಣ್ಣದಾಯಿತು. ಪ್ರೊಫೆಸರಿಗೆ ಕಳಿಸಿ ಆಗಿದೆಯಲ್ಲ, ಪಾಪ. ಮೆಲ್ಲಗೆ ಕೇಳಿದಳು: "ಒಳಗೊಳಗೆ ನಿನಗೇ ಹೋಗಲು ಹೆದರಿಕೆ ಇರಬಹುದಾ?"

ಛೀ. ಮಾವನಿಗಿಂತ ಇವಳ ಮೇಲೆ ಹೆಚ್ಚು ವಾಕರಿಕೆ ಬಂತು. ಬಸ್ಸಿನಲ್ಲಿ ಬೇರೆ ಸೀಟು ಹಿಡಿದು ಕೂತೆ.

ಮೇ 10, ಮಧ್ಯಾಹ್ನ

ನಾಳೆ ಇರೇನೆಯ ಅಮ್ಮ ಪಿಲಾರ್ ಜೊತೆ ವಿಡಿಯೋ ಕಾಲ್. ಅಮ್ಮ ಬಸಳೆ ಕೊಯ್ಯುತ್ತಾ ಹತ್ತಿರ ಕರೆದಳು.

"ನೀನೇ ಹೇಳಿಬಿಡು. ನನಗೇ ಬರಲಿಕ್ಕೆ ಮನಸ್ಸಿಲ್ಲ, ಅಣ್ಣ ಬರ್ತಾನೆ ಅಂತ."

"ನಾನ್ಯಾಕಮ್ಮ ಹೇಳಬೇಕು? ನಂಗೆ ಮನಸ್ಸು ಉಂಟು."

"ನಿನ್ನ ಬಾಯಲ್ಲಿ ಬಂದ್ರೆ ಚಂದ ಮಾರಾಯ್ತಿ. ನಾವು ತಡೆದದ್ದು ಅಂತ ಆಗಬಾರ್ದು. ಅವರ ಎದುರು ನಮ್ಮ ಮರ್ಯಾದೆ ಎಂತ ಆಗ್ಬೇಕು?"

"ಮನೆ ನಿನ್ನದಲ್ವ? ಮಾವನೇ ಹೇಳಿದ್ದು."

"ಅದೆಲ್ಲ ಅವಳ ಹತ್ರ ಹೇಳ್ಲಿಕ್ಕೆ" ಎಂದಳು ಅಮ್ಮ. ಬೇಸರದಿಂದ ಹೇಳಿದ್ದರೆ ತಬ್ಬಿಕೊಳ್ಳುತ್ತಿದ್ದೆ. ಸೊಪ್ಪಿನ ದಂಟು ಮುರಿಯುತ್ತಾ ಸುಮ್ಮನೆ ಹೇಳಿದಳು. ಅವಳೂ ಒಂದು ಕಾಲದಲ್ಲಿ ಏನಾದರೂ ಕೇಳಿ ಇಂಥದ್ದೇ ಉತ್ತರ ಪಡೆದಿರಬೇಕು. ಆದರೂ ಅವಳ ಮೇಲೆ ಕನಿಕರ ಬರುತ್ತಿಲ್ಲ. ಸಿಟ್ಟೇ ಬರುತ್ತಿದೆ.

ನಿಜ ಹೇಳುತ್ತೇನೆ ನಾಳೆ. ವಾಕ್ಯ ಕಟ್ಟಿ ಇಟ್ಟಿದ್ದೇನೆ. 'ನನ್ನನ್ನು ಕಳಿಸುವುದಿಲ್ಲ ಎನ್ನುತ್ತಿದ್ದಾರೆ. ದಯವಿಟ್ಟು ನನ್ನ ಬದಲು ಯಾರನ್ನೂ ಒಪ್ಪಬೇಡಿ.' ಪಿಲಾರ್ ಒಪ್ಪದಿದ್ದರೆ ಮುಖೇಶ ಹೋಗಲಾರ. ಆಗ ಮಾವನಿಗೆ ನನ್ನನ್ನೇ ಕಳಿಸದೆ ದಾರಿಯಿಲ್ಲ. ಅವರಿಗೆ ಬೇಕಾದ್ದು ಆ ರೆಸ್ಟೋರೆಂಟಿನ ಸಂಬಂಧ ತಾನೆ.

ಮೇ 11

ಹಾಲ್‌ನಲ್ಲಿ ಎಲ್ಲರೂ ಮದುವೆ ಫೋಟೋಕ್ಕೆ ಕೂತ ಹಾಗೆ. ಮುಖೇಶ ಸೆಂಟ್ ಹಾಕಿಕೊಂಡಿದ್ದ, ವಿಡಿಯೋ ಕಾಲಿಗೆ! ಪಿಲಾರ್ ದುಂಡು ಮುಖದ ಹೆಂಗಸು. ಫೋನ್ ಹಿಡಿದುಕೊಂಡೇ ನಡೆದು ಒಂದು ಕೋಣೆ ತೋರಿಸಿದಳು. ಕಿಟಕಿ, ಕಿಟಕಿ ಪಕ್ಕ ಮೇಜು, ನೀಲಿ ಬೆಡ್‌ಶೀಟ್. "ಇದು ನಿನಗೆ, ಯಶ್ಮಿತಾ. ನಿನ್ನೆ ತಾನೇ ಬಣ್ಣ ಹೊಡೆಸಿದೆವು."

"ಹೇಳು" ಎಂದರು ಮಾವ, ತುಳುವಿನಲ್ಲಿ.

ಬಾಯಿ ತೆರೆದೆ. ನಾನು ಏನು ಹೇಳಿದರೂ ಇರೇನೆ ಬಿಟ್ಟರೆ ಇಲ್ಲಿ ಒಬ್ಬರಿಗೂ ತಿಳಿಯುತ್ತಿರಲಿಲ್ಲ. ಅಷ್ಟು ಸುಲಭವಿತ್ತು. ಅಮ್ಮ ಸೀರೆ ಸೆರಗನ್ನು ಬೆರಳಿಗೆ ಸುತ್ತಿಕೊಂಡು ನನ್ನನ್ನೇ ನೋಡುತ್ತಿದ್ದಳು.

"ನೋ ಕಿಯೆರೋ ಇರ್" ಎಂದೆ. ನನಗೆ ಹೋಗಲು ಇಷ್ಟವಿಲ್ಲ. ಆಮೇಲೆ ಮಿಕ್ಕದ್ದೂ ಬಂತು: ಅಣ್ಣನಿಗೆ ತುಂಬ ಆಸೆಯಿದೆ, ಅವನನ್ನು ಸೇರಿಸಿಕೊಂಡರೆ ನಮಗೆಲ್ಲ ಸಂತೋಷ, ತೊಂದರೆ ಕೊಟ್ಟದ್ದಕ್ಕೆ ಕ್ಷಮಿಸಿ. ಒಂದು ಕಡೆಯೂ ತಡವರಿಸಲಿಲ್ಲ. ಡೆನ್ಜಿಲ್ ಸರ್ ಕೇಳಿದ್ದರೆ ಬೆನ್ನು ತಟ್ಟುತ್ತಿದ್ದರು.

ಪಿಲಾರ್ ಮುಖ ತುಂಬ ನಗು. "ಮುಖೇಶ ಬರಲಿ, ಅದಕ್ಕೇನು! ಆದರೆ ಎಷ್ಟು ಚೆನ್ನಾಗಿ ಮಾತಾಡ್ತೀ ಹುಡುಗಿ! ನಿಜ ಹೇಳಬೇಕೆಂದರೆ, ನೀನು ಇಲ್ಲಿಗೆ ಬಂದು ಕಲಿಯಬೇಕಾದ್ದೇ ಇಲ್ಲ."

ಪಕ್ಕದಲ್ಲಿದ್ದ ಇರೇನೆ ನನ್ನ ಕೈ ಅದುಮಿದಳು. ನನಗೇ ಹೆದರಿಕೆ ಎಂದು ತಾನು ಅಂದುಕೊಂಡದ್ದೇ ಸರಿ ಎಂಬ ಹಾಗೆ.

"ಎಂತ ಹೇಳ್ತಾರೆ?" ಮಾವ.

ಹೇಳಿದೆ. ಒಂದಕ್ಷರ ಬಿಡದೆ.

"ನಾನು ಹೇಳ್ಲಿಲ್ವ!" ಎಂದು ತೊಡೆ ತಟ್ಟಿಕೊಂಡು ನಕ್ಕರು. ಅಪ್ಪನೂ ನಕ್ಕರು. ಅಮ್ಮ ಒಳಗೆ ಹೋಗಿ ಎಲ್ಲರಿಗೂ ಪಾಯಸ ತಂದಳು, ಮೊದಲೇ ಮಾಡಿ ಇಟ್ಟಿದ್ದಳು. ನನಗೊಂದು ಲೋಟ. ಕುಡಿದೆ. ಎರಡು ಸಲ ಹಲ್ಲುಜ್ಜಿದರೂ ನಾಲಗೆ ಅಂಟಂಟು. ಅದೇ ನಾಲಗೆ.

ಮೇ 17, ಭಾನುವಾರ

ಇರೇನೆ ಮೂಡಬಿದ್ರೆ ಬಸದಿ ನೋಡಲು ಹೋಗಿದ್ದಾಳೆ. ಅಮ್ಮ ನೈಟಿಯಲ್ಲಿ. ಊಟ ಸ್ಟೀಲ್ ಬಟ್ಟಲಲ್ಲಿ.

ಮುಖೇಶ ಹೊಸ ಪುಸ್ತಕ, ಹೊಸ ಪೆನ್ ಹಿಡಿದುಕೊಂಡು ಬಂದ. "ದಿನಾ ಸ್ವಲ್ಪ ಹೇಳಿಕೊಡು. ವೀಸಾದವರು ಕೇಳಿದ್ರೆ ನಾಲ್ಕು ಮಾತಾದ್ರೂ ಬರ್ಬೇಕಲ್ವ." ದಯವಿಟ್ಟು ಇಲ್ಲ. ಮನೆಯಲ್ಲಿ ಇರೇನೆ ಇಲ್ಲವಲ್ಲ.

ಬೇಡ ಎನ್ನಬಹುದಿತ್ತು. ಕೂರು ಎಂದೆ.

"ಮೊದಲು ಎಂತ ಕಲಿಯುವುದು?"

"ವೀಸಾ ಆಫೀಸಿನಲ್ಲಿ ಮೊದಲು ಹೇಳಬೇಕಾದ್ದು. ಬರ್ಕೋ. ನೋ ಕಿಯೆರೋ ಇರ್."

"ಹಾಗಂದ್ರೆ?"

"ನನಗೆ ಹೋಗಲು ತುಂಬ ಇಷ್ಟ."

ಬರೆದುಕೊಂಡ. ಕೆಳಗೆ ಗೆರೆ ಎಳೆದ. ಕಣ್ಣು ಮುಚ್ಚಿ ಬಾಯಿಪಾಠ ಮಾಡಿದ. ನೋ ಕಿಯೆರೋ ಇರ್, ನೋ ಕಿಯೆರೋ ಇರ್. ಅಡುಗೆಮನೆಯಿಂದ ಅಮ್ಮ, "ಎಷ್ಟು ಬೇಗ ಕಲಿತ ನೋಡು!" ಎಂದಳು. ಸೋಫಾದಲ್ಲಿದ್ದ ಮಾವ ಪೇಪರ್ ಮಡಚಿಟ್ಟು, "ಇನ್ನೊಮ್ಮೆ ಹೇಳು ಮಗಾ, ಗಟ್ಟಿ ಹೇಳು" ಎಂದರು.

ಅವನು ಎದ್ದು ನಿಂತ. ಎದೆ ಉಬ್ಬಿಸಿ, ಇಡೀ ಬಿಲ್ಡಿಂಗಿಗೆ ಕೇಳುವ ಹಾಗೆ —