ದೋಣಿ ಹೋದ ಮೇಲೆ

ಗುರುವಾರ, ಮಾರ್ಚ್ ೧೨

ಕಟಿಂಗ್ ಮಾಸ್ಟರರಿಗೆ ನಮಸ್ಕಾರ.

ಎರಡು ವರ್ಷದ ಮೇಲೆ ಇವಳಿಗೇನು ಬಂತು ಎನ್ನಬೇಡಿ. ನಾನೀಗ ದ್ವೀಪದಲ್ಲಿದ್ದೇನೆ. ಈ ಸೀಸನ್ ಮುಗಿಯಲಿ, ಹೋಗೋಣ ಎನ್ನುತ್ತಾ ನೀವು ಹದಿನೆಂಟು ಸೀಸನ್ ಮುಗಿಸಿದಿರಲ್ಲ, ಅದೇ ದ್ವೀಪ. ಅಂಗಡಿಗೆ ಬೀಗ ಹಾಕಿ ಒಬ್ಬಳೇ ಬಂದೆ.

ಮರಳು ಎಷ್ಟು ನುಣುಪೆಂದರೆ ಚಪ್ಪಲಿ ಹಾಕಲು ಮನಸ್ಸಾಗುವುದಿಲ್ಲ. ಮನೆಯ ಹಿಂದೆಯೇ ಕಾಡು, ಬೆಳಗಾದರೆ ಹಕ್ಕಿಗಳ ಸಂತೆ. ನಾನು ಉಳಿದುಕೊಂಡಿರುವ ಮನೆಯ ಯಜಮಾನಿ ತನ್ನ ಅತ್ತೆಯೊಡನೆ ಒಂದು ಭಾಷೆ, ಗಂಡನೊಡನೆ ಇನ್ನೊಂದು, ನನ್ನೊಡನೆ ನಮ್ಮದನ್ನೇ ಆಡುತ್ತಾಳೆ. ಇಡೀ ಊರೇ ಹೀಗೆ ಕಲಸುಮೇಲೋಗರ, ಆದರೂ ಮಾತಿಗೆ ಬರವಿಲ್ಲ. ನಮಗಿದ್ದದ್ದು ಒಂದೇ ಭಾಷೆ. ಗಿರಾಕಿಯ ಆ ಮದುವೆ ಕೋಟು ಕೆಟ್ಟ ಮೇಲೆ ಆರು ತಿಂಗಳು ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದೇ ಸಂಸಾರ ನಡೆಸಿದೆವು. ಕೊನೆಗೆ 'ಅಣ್ಣನ ಮನೆಗೆ' ಎಂದು ಬರೆದಿಟ್ಟು ಹೋದಿರಿ. ನಾನು ಅದನ್ನು ಉಜ್ಜಿ, ಅದೇ ತುಂಡಿಗೆ ಕಾಲರ್ ಹೊಲಿದೆ. ಅಂಥ ಕೊಬ್ಬು ನನಗೆ.

ಬಂದ ದಿನ ಯಜಮಾನಿ ಒಬ್ಬರೇನಾ ಎಂದು ಕೇಳಿದಳು. ನಮ್ಮೆಜಮಾನರು ಮುಂದಿನ ದೋಣಿಗೆ ಬರುತ್ತಾರೆ ಎಂದುಬಿಟ್ಟೆ. ಇಲ್ಲಿ ದೋಣಿ ಸೋಮವಾರ, ಶುಕ್ರವಾರ ಮಾತ್ರ. ಅಂದಿನಿಂದ ಎರಡು ದೋಣಿ ಬಂದವು. ಎರಡೂ ಸಲ ಅವಳು ನಿಮಗೂ ತಟ್ಟೆ ಇಟ್ಟಳು. ಮಾಡಿದ್ದುಣ್ಣೋ ಮಹಾರಾಯ ಅಂತ ಎರಡನ್ನೂ ನಾನೇ ಖಾಲಿ ಮಾಡಿದೆ. ಇವತ್ತು ತಡೆಯಲಾಗದೆ ನಿಜ ಹೇಳಿದೆ. ಅವಳು ಮೀನು ಉಜ್ಜುವುದನ್ನು ನಿಲ್ಲಿಸಲಿಲ್ಲ.

"ಗೊತ್ತಿತ್ತು ಬಿಡಿ," ಎಂದಳು. "ಗಂಡ ಬರ್ತಾನೆ ಅನ್ನೋಳು ದೋಣಿ ಬರೋಕೆ ಮುಂಚೆನೇ ಹೋಗಿ ನಿಂತಿರ್ತಾಳೆ. ನೀವೋ, ಎಲ್ಲರೂ ಇಳಿದು ಹೋದ್ಮೇಲೆ ಹೋಗ್ತಿದ್ರಿ."

ರೂಮಿಗೆ ಬಂದು ಚೆನ್ನಾಗಿ ಅತ್ತೆ. ಸುಖವಾಗಿದ್ದೇನೆ ಎಂದು ಬರೆಯಲು ಕೂತವಳು ನಾನು. ಸುಳ್ಳು, ಒಬ್ಬಳೇ ಇದ್ದು ಸಾಕಾಗಿದೆ. ಆ ಕೋಟಿನ ಭುಜದ ಅಳತೆ ತಪ್ಪು ಬರೆದುಕೊಂಡವಳು ನಾನೇ. ಗಿರಾಕಿ ನಾಲ್ಕು ಜನರೆದುರು ನಿಮ್ಮ ಮಾನ ಕಳೆದಾಗ ಬಾಯಿಗೆ ಬೀಗ ಹಾಕಿಕೊಂಡು ನಿಂತಿದ್ದೆ. ನಿಮ್ಮ ಕತ್ತರಿಯದೇನೂ ತಪ್ಪಿರಲಿಲ್ಲ. ಬೈಯುವುದಿದ್ದರೆ ಎದುರಿಗೇ ಬಂದು ಬೈಯಿರಿ. ಬರುತ್ತೀರಾ?

ಇಂತಿ,
ನಿಮ್ಮ ಹೊಲಿಗೆಯವಳು

ಮರೆತಿದ್ದೆ: ಈ ಕಾಗದ ಹೋಗುವುದೇ ನಾಳೆಯ ದೋಣಿಯಲ್ಲಿ. ಅದರಲ್ಲಿ ನೀವು ಬರಲು ಸಾಧ್ಯವಿಲ್ಲವೆಂದು ನನಗೂ ಗೊತ್ತು. ಆದರೂ ಅದು ಬರುವ ಮುಂಚೆಯೇ ಹೋಗಿ ನಿಲ್ಲುತ್ತೇನೆ.